ಪುಟ್ಟ ಎಂಜಿನ್ನಿನ ಸಾರಥಿ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ವೇಗವೆಂಬುದು ಸಿರಿವಂತರ ಸೊತ್ತಾಗಿತ್ತು. ಇಂಗ್ಲೆಂಡಿನ ಹೆಸರಾಂತ ಬೆಂಟ್ಲಿ ಸಂಸ್ಥೆಯ ನಾಲ್ಕೂವರೆ ಲೀಟರಿನ ಕಾರಿನ ಚಾಸಿಗೆ, ಎಂದರೆ ಮೇಲಿನ ಒಡಲಿಲ್ಲದ ಬರಿಯ ಅಡಿಗಟ್ಟಿಗೆ ಮತ್ತು ಎಂಜಿನ್ನಿಗೆ, 1,050 ಪೌಂಡುಗಳ ಬೆಲೆಯಿತ್ತು. ಬ್ಯಾಂಕಿನ ಗುಮಾಸ್ತನೋ, ಶಾಲೆಯ ಉಪಾಧ್ಯಾಯನೋ, ಅಂಗಡಿಯಲ್ಲಿ ಲೆಕ್ಕ ಬರೆಯುವ ತರುಣನೋ ಅಂಥ ಕಾರನ್ನು ರಸ್ತೆಯ ಅಂಚಿನಲ್ಲಿ ನಿಂತು ನೋಡಿ ಸಂತೋಷಪಡಬಹುದಾಗಿತ್ತೇ ಹೊರತು ಅದರ ಚುಕ್ಕಾಣಿಯನ್ನು ಹಿಡಿಯುವ ಕನಸನ್ನು ಕಾಣುವಂತಿರಲಿಲ್ಲ. ಈ ಸ್ಥಿತಿಯನ್ನು ಬದಲಿಸಿದವರಲ್ಲಿ ಅಗ್ರಗಣ್ಯನಾದವನು ಸಿಸಿಲ್ ಕಿಂಬರ್. ಎಂ.ಜಿ. ಎಂಬ ಎರಡಕ್ಷರದ ಹೆಸರನ್ನು ಹೊತ್ತ ಪುಟ್ಟ ಕಾರುಗಳ ಹಿಂದೆ ಇದ್ದ ಮನಸ್ಸು ಅವನದು.

ಕಿಂಬರ್ 1888ನೆಯ ಇಸವಿ ಏಪ್ರಿಲ್ 12ರಂದು ಲಂಡನ್ನಿನಲ್ಲಿ ಜನಿಸಿದನು. ಅವನ ತಂದೆಗೆ ಮುದ್ರಣದ ಶಾಯಿಯ ಉದ್ಯಮವಿತ್ತು. ಸ್ಟಾಕ್‌ಪೋರ್ಟ್ ಗ್ರಾಮರ್ ಶಾಲೆಯಲ್ಲಿ ಓದು ಮುಗಿಸಿ ಅವನೂ ಆ ಉದ್ಯಮವನ್ನೇ ಸೇರಿದನು. ಆದರೆ ಅವನ ಮನಸ್ಸು ಶಾಯಿಯಲ್ಲಿ ನಿಲ್ಲಲಿಲ್ಲ. ಆಗತಾನೆ ಬಳಕೆಗೆ ಬರುತ್ತಿದ್ದ ಮೋಟಾರು ಸೈಕಲ್ಲುಗಳ ಕಡೆಗೆ ಹರಿಯಿತು. ಒಮ್ಮೆ ಸ್ನೇಹಿತನೊಬ್ಬನ ವಾಹನವನ್ನು ಓಡಿಸುತ್ತಿದ್ದಾಗ ಅಪಘಾತವಾಗಿ ಬಲಗಾಲು ಜಖಂಗೊಂಡಿತು. ಚಿಕಿತ್ಸೆಯೇನೋ ನಡೆಯಿತು, ಆದರೆ ಕಾಲು ಮೊದಲಿನಂತಾಗಲಿಲ್ಲ. ಬಾಳಿನುದ್ದಕ್ಕೂ ಅವನು ಕುಂಟುತ್ತ ನಡೆಯಬೇಕಾಯಿತು. ಎರಡು ಗಾಲಿಯ ಸವಾರಿ ತಪ್ಪಿದ ಆ ತರುಣ 1913ರಲ್ಲಿ ಒಂದು ಸಿಂಗರ್ ಕಾರನ್ನು ಕೊಂಡನು. ಚಿಕ್ಕದಾದ, ಹಗುರವಾದ ಆ ಕಾರೇ ಅವನ ಮುಂದಿನ ದಾರಿಯನ್ನು ತೋರಿಸಿತೆನ್ನಬಹುದು. ಮರುವರ್ಷವೇ ಅವನು ಶಾಯಿಯ ಉದ್ಯಮವನ್ನು ಬಿಟ್ಟು ಶೆಫೀಲ್ಡ್ ಸಿಂಪ್ಲೆಕ್ಸ್ ಎಂಬ ಮೋಟಾರು ಸಂಸ್ಥೆಯನ್ನು ಸೇರಿದನು.

ಮುಂದಿನ ಕೆಲವು ವರ್ಷಗಳು ಅಲೆದಾಟದಲ್ಲಿ ಕಳೆದವು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅವನು ಎ.ಸಿ. ಕಾರುಗಳ ಸಂಸ್ಥೆಯಲ್ಲಿಯೂ ಆಮೇಲೆ ಬರ್ಮಿಂಗ್‌ಹ್ಯಾಮಿನ ರಿಗ್ಲಿ ಸಂಸ್ಥೆಯಲ್ಲಿಯೂ ದುಡಿದನು. ಈ ರಿಗ್ಲಿ ಸಂಸ್ಥೆ ಮೋಟಾರು ವಾಹನಗಳಿಗೆ ಬೇಕಾದ ಹಲ್ಲುಗಾಲಿಗಳನ್ನೂ ಅಚ್ಚುಗಳನ್ನೂ ತಯಾರಿಸುತ್ತಿತ್ತು. ಕಿಂಬರ್ ತನ್ನ ಉಳಿತಾಯದ ಬಹುಭಾಗವನ್ನು ಅದರಲ್ಲಿ ತೊಡಗಿಸಿದ್ದನು. ಸಂಸ್ಥೆ ದಿವಾಳಿಯಾಯಿತು, ಹಣ ಮುಳುಗಿತು. ಹಣ ಹೋದರೂ ಹಲ್ಲುಗಾಲಿಗಳ ನಡುವೆ ಕಳೆದ ಆ ದಿನಗಳು ವ್ಯರ್ಥವಾದವೆಂದು ಹೇಳುವಂತಿಲ್ಲ.

1921ರಲ್ಲಿ ಅವನು ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್ ಎಂಬ ಮಳಿಗೆಗೆ ಮಾರಾಟದ ಅಧಿಕಾರಿಯಾಗಿ ಬಂದನು. ಮರುವರ್ಷವೇ ಅದರ ಮುಖ್ಯ ವ್ಯವಸ್ಥಾಪಕನಾದನು. ಇದು ವಿಲಿಯಂ ಮಾರಿಸನ ಸ್ವಂತ ಮಳಿಗೆ. ಸೈಕಲ್ ರಿಪೇರಿಯಿಂದ ಬದುಕನ್ನು ಆರಂಭಿಸಿ ಇಂಗ್ಲೆಂಡಿನ ಅತಿ ದೊಡ್ಡ ಕಾರು ತಯಾರಕನಾಗಿ ಬೆಳೆದವನು ಮಾರಿಸ್. ಅವನ ಕಾರುಗಳು ಗಟ್ಟಿಯಾಗಿದ್ದವು, ಅಗ್ಗವಾಗಿದ್ದವು. ಆದರೆ ಅವುಗಳಲ್ಲಿ ಸೊಗಸಿರಲಿಲ್ಲ, ಓಟದ ಹುರುಪಿರಲಿಲ್ಲ. ಕಿಂಬರ್ ಅದೇ ಚಾಸಿಗಳ ಮೇಲೆ ತನ್ನ ರುಚಿಗೆ ತಕ್ಕಂತೆ ತಗ್ಗಾದ, ಅಂದವಾದ ಒಡಲುಗಳನ್ನು ಕೂರಿಸಿದನು, ಸ್ಪ್ರಿಂಗುಗಳನ್ನು ಚಪ್ಪಟೆಗೊಳಿಸಿದನು, ಎಂಜಿನ್ನುಗಳನ್ನು ತಿದ್ದಿ ನಯಗೊಳಿಸಿದನು. ಮಳಿಗೆಯ ಹೆಸರಿನ ಮೊದಲ ಅಕ್ಷರಗಳಿಂದ ಎಂ.ಜಿ. ಎಂಬ ಹೆಸರು ಹುಟ್ಟಿತು. 1925ರ ಈಸ್ಟರ್ ಹಬ್ಬದಲ್ಲಿ ತಾನೇ ಸಿದ್ಧಪಡಿಸಿದ ಬೂದುಬಣ್ಣದ ಕಾರೊಂದನ್ನು ಓಡಿಸಿಕೊಂಡು ಲ್ಯಾಂಡ್ಸ್ ಎಂಡ್ ಸ್ಪರ್ಧೆಯಲ್ಲಿ ಚಿನ್ನದ ಪದಕವನ್ನು ಗಳಿಸಿದನು. ಮನೆಯವರು ಹಬ್ಬಕ್ಕೆ ಕೂಡುವ ದಿನಗಳಲ್ಲಿ ಅವನು ಕಡಿದಾದ ಗುಡ್ಡದ ದಾರಿಗಳಲ್ಲಿ ಕೆಸರಿನೊಡನೆ ಸೆಣಸುತ್ತಿದ್ದನು.

ಇಷ್ಟಾದರೂ ಈ ಕಾರುಗಳು ಅಗ್ಗದವಾಗಿರಲಿಲ್ಲ. ಅಗ್ಗದ ವೇಗದ ಕಾರು ಹುಟ್ಟಬೇಕಾದರೆ ಅಗ್ಗದ ಚಿಕ್ಕ ಎಂಜಿನ್ ಬೇಕಾಗಿತ್ತು. ಅದು ದೊರೆತದ್ದು 1928ರಲ್ಲಿ.

ಇಲ್ಲಿ ಆ ಕಾಲದ ಇಂಗ್ಲೆಂಡಿನ ತೆರಿಗೆಯ ವಿಚಾರವನ್ನು ಸ್ವಲ್ಪ ತಿಳಿಯುವುದು ಅಗತ್ಯ. ಅಲ್ಲಿ 1921ರಿಂದ ಕಾರಿನ ಪ್ರತಿಯೊಂದು ಅಶ್ವಶಕ್ತಿಗೆ ವರ್ಷಕ್ಕೆ ಒಂದು ಪೌಂಡಿನಂತೆ ತೆರಿಗೆ ಬೀಳುತ್ತಿತ್ತು. ಆದರೆ ಅಶ್ವಶಕ್ತಿಯನ್ನು ಲೆಕ್ಕ ಹಾಕುತ್ತಿದ್ದ ಸೂತ್ರ ವಿಚಿತ್ರವಾದುದು. ಅದರಲ್ಲಿ ಸಿಲಿಂಡರುಗಳ ಸಂಖ್ಯೆಗೂ ಅವುಗಳ ವ್ಯಾಸಕ್ಕೂ ಲೆಕ್ಕವಿತ್ತೇ ಹೊರತು, ಪಿಸ್ಟನ್ ಎಷ್ಟು ದೂರ ಮೇಲೆ ಕೆಳಗೆ ಚಲಿಸುವುದೆಂಬುದಕ್ಕೆ ಲೆಕ್ಕವೇ ಇರಲಿಲ್ಲ. ಆದುದರಿಂದ ಇಂಗ್ಲೆಂಡಿನ ತಯಾರಕರೆಲ್ಲರೂ ಸಿಲಿಂಡರುಗಳನ್ನು ಬಿದಿರಿನ ಕೊಳವೆಗಳಂತೆ ಕಿರಿದಾಗಿ, ಉದ್ದವಾಗಿ ಮಾಡತೊಡಗಿದರು. ಹೀಗೆ ತೆರಿಗೆಯ ಕಚೇರಿ ಎಂಜಿನ್ನಿನ ಆಕಾರವನ್ನು ನಿರ್ಧರಿಸಿತು! ಇದರಲ್ಲಿ ಒಂದು ತೊಡಕೂ ಇತ್ತು. ಪಿಸ್ಟನ್ ಹೆಚ್ಚು ದೂರ ಚಲಿಸಬೇಕಾದಾಗ ಎಂಜಿನ್ನನ್ನು ಹೆಚ್ಚು ವೇಗವಾಗಿ ತಿರುಗಿಸುವುದು ಅಪಾಯಕರ. ಕಬ್ಬಿಣವಾದರೂ ಸಹಿಸುವುದಕ್ಕೆ ಒಂದು ಮಿತಿಯುಂಟು.

ಮಾರಿಸ್ ಸಂಸ್ಥೆ 1928ರಲ್ಲಿ ಮಾರಿಸ್ ಮೈನರ್ ಎಂಬ ಸಣ್ಣ ಕಾರನ್ನು ಹೊರತಂದಿತು. ಅದರ ಎಂಜಿನ್ 847 ಘನ ಸೆಂಟಿಮೀಟರಿನದು. ಸಿಲಿಂಡರಿನ ವ್ಯಾಸ 57 ಮಿಲಿಮೀಟರ್, ಪಿಸ್ಟನ್ನಿನ ಚಲನೆ 83 ಮಿಲಿಮೀಟರ್. ತೆರಿಗೆಯ ಲೆಕ್ಕದಲ್ಲಿ ಎಂಟು ಅಶ್ವಶಕ್ತಿ ಮಾತ್ರ. ಆದರೆ ಈ ಪುಟ್ಟ ಎಂಜಿನ್ನಿನಲ್ಲಿ ಒಂದು ದೊಡ್ಡ ಗುಣವಿತ್ತು. ವುಲ್ಸ್‌ಲಿ ಸಂಸ್ಥೆಯವರು ಯುದ್ಧಕಾಲದಲ್ಲಿ ಹಿಸ್ಪಾನೋ ಸೂಯಿಜಾ ವಿಮಾನದ ಎಂಜಿನ್ನುಗಳನ್ನು ತಯಾರಿಸಿ ಕಲಿತ ಪಾಠವನ್ನು ಇದರಲ್ಲಿ ಬಳಸಿದ್ದರು. ಗಾಳಿಯನ್ನು ಒಳಗೆ ಬಿಡುವ, ಹೊಗೆಯನ್ನು ಹೊರಗೆ ಕಳಿಸುವ ಕವಾಟಗಳು ಸಿಲಿಂಡರಿನ ಪಕ್ಕದಲ್ಲಿರದೆ ನೆತ್ತಿಯ ಮೇಲಿದ್ದವು. ಅವುಗಳನ್ನು ತೆರೆದು ಮುಚ್ಚುವ ಕ್ಯಾಮ್ ದಂಡವೂ ನೆತ್ತಿಯ ಮೇಲೆಯೇ ಇತ್ತು. ನಡುವೆ ಉದ್ದನೆಯ ಕಡ್ಡಿಗಳಾಗಲಿ ಇತರ ಭಾರವಾಗಲಿ ಇಲ್ಲದ್ದರಿಂದ ಎಂಜಿನ್ ಲವಲವಿಕೆಯಿಂದ ತಿರುಗುತ್ತಿತ್ತು. ದಿನಬಳಕೆಯ ಕಾರಿಗೆಂದು ಮಾಡಿದ ಎಂಜಿನ್ನಿನೊಳಗೆ ಪಂದ್ಯದ ಕುದುರೆಯೊಂದು ಅಡಗಿರುವುದನ್ನು ಕಂಡವನು ಕಿಂಬರ್.

ಅದೇ ವರ್ಷ ಲಂಡನ್ನಿನ ಒಲಿಂಪಿಯಾ ಪ್ರದರ್ಶನದಲ್ಲಿ ಎಂ.ಜಿ. ಮಿಡ್ಜೆಟ್ ಜನರ ಮುಂದೆ ಬಂದಿತು. ಇಬ್ಬರು ಒತ್ತಿಕೊಂಡು ಕೂರುವಷ್ಟು ಸ್ಥಳ, ದೋಣಿಯ ಹಿಂಬದಿಯಂತೆ ಚೂಪಾದ ಬಾಲ, ಮರದ ಚೌಕಟ್ಟಿನ ಮೇಲೆ ಬಿಗಿದ ಬಟ್ಟೆಯ ಹೊದಿಕೆ. ತೂಕ ಸುಮಾರು ಅರ್ಧ ಟನ್. ಬೆಲೆ 175 ಪೌಂಡು. ಎಂಜಿನ್ನಿನ ನಿಜವಾದ ಶಕ್ತಿ ನಿಮಿಷಕ್ಕೆ 4,000 ಸುತ್ತುಗಳಲ್ಲಿ 20 ಅಶ್ವಶಕ್ತಿ. ಇಷ್ಟು ಅಲ್ಪಶಕ್ತಿಯಿಂದ ಆ ಕಾರು ಗಂಟೆಗೆ 65 ಮೈಲಿ, ಎಂದರೆ ನೂರು ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಓಡಬಲ್ಲುದಾಗಿತ್ತು. ನಾಲ್ಕು ವರ್ಷಗಳಲ್ಲಿ ಅಂಥ ಮೂರು ಸಾವಿರಕ್ಕೂ ಹೆಚ್ಚು ಕಾರುಗಳು ಮಾರಾಟವಾದವು. ಬೇಡಿಕೆಯನ್ನು ಪೂರೈಸಲು ಸ್ಥಳ ಸಾಲದೆ 1929ರಲ್ಲಿ ಸಂಸ್ಥೆ ಆಕ್ಸ್‌ಫರ್ಡಿನಿಂದ ಸಮೀಪದ ಅಬಿಂಗ್ಡನ್ ಎಂಬ ಊರಿಗೆ ಸ್ಥಳಾಂತರಗೊಂಡಿತು.

ಎಂಜಿನ್ನಿನ ಶಕ್ತಿಯೊಂದರಿಂದಲೇ ಕಾರು ವೇಗವಾಗಿ ಓಡುವುದಿಲ್ಲ. ಆ ಶಕ್ತಿ ಗಾಲಿಗಳಿಗೆ ಹೇಗೆ ತಲಪುತ್ತದೆಂಬುದೂ ಮುಖ್ಯ. ಹೊರೆ ಹೊತ್ತು ಗುಡ್ಡವೇರುವ ಮನುಷ್ಯನನ್ನು ಗಮನಿಸಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಬಯಲಿನಲ್ಲಿ ದಾಪುಗಾಲು ಹಾಕುವವನು ಏರಿನಲ್ಲಿ ಚಿಕ್ಕ ಚಿಕ್ಕ ಹೆಜ್ಜೆಗಳನ್ನು ಬೇಗಬೇಗನೆ ಇಡುತ್ತಾನೆ. ಗಿಯರ್ ಪೆಟ್ಟಿಗೆಯ ಕೆಲಸವೂ ಇದೇ. ಚಿಕ್ಕ ಹಲ್ಲುಗಾಲಿ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸಿದಾಗ ವೇಗ ಕುಗ್ಗುತ್ತದೆ, ತಿರುಗಿಸುವ ಬಲ ಹಿಗ್ಗುತ್ತದೆ. ದೊಡ್ಡ ಎಂಜಿನ್ನಿಗೆ ಸಹಜವಾಗಿಯೇ ಬಲ ಹೆಚ್ಚು. ಅದು ನಿಧಾನವಾಗಿ ತಿರುಗುತ್ತಲೂ ಭಾರವನ್ನು ಎಳೆಯಬಲ್ಲುದು. ಪುಟ್ಟ ಎಂಜಿನ್ನಿಗೆ ಆ ಭಾಗ್ಯವಿಲ್ಲ. ಅದು ವೇಗವಾಗಿ ತಿರುಗಿದಾಗ ಮಾತ್ರ ತನ್ನ ಶಕ್ತಿಯನ್ನು ತೋರಿಸುತ್ತದೆ. ರಸ್ತೆ ಏರಲಿ ಇಳಿಯಲಿ, ಅದನ್ನು ಸದಾ ತನ್ನ ಹುರುಪಿನ ಸುತ್ತುಗಳಲ್ಲಿಯೇ ಇರಿಸಬೇಕಾದರೆ ಒಂದಕ್ಕೊಂದು ಸಮೀಪವಾದ ಹಲವು ಗಿಯರುಗಳು ಬೇಕು. ಮೊದಲ ಮಿಡ್ಜೆಟ್ಟಿನ ಕೊರತೆ ಇದ್ದದ್ದು ಇಲ್ಲಿಯೇ. ಅದಕ್ಕೆ ಮೂರೇ ಗಿಯರುಗಳಿದ್ದವು. ಗುಡ್ಡ ಎದುರಾದಾಗ ಮೂರನೆಯದರಲ್ಲಿ ಎಂಜಿನ್ ಏದುಸಿರು ಬಿಡುತ್ತಿತ್ತು. ಎರಡನೆಯದಕ್ಕೆ ಬದಲಾಯಿಸಿದರೆ ಕಿರುಚುತ್ತಿತ್ತು. ಎರಡರ ನಡುವೆ ಕಂದಕವಿದ್ದಂತೆ ಅಂತರವಿತ್ತು.

ಪಂದ್ಯಗಳೇ ತನ್ನ ಪ್ರಯೋಗಶಾಲೆಯೆಂದು ಕಿಂಬರ್ ನಂಬಿದ್ದನು. 1930ರಲ್ಲಿ ಬ್ರೂಕ್‌ಲ್ಯಾಂಡ್ಸ್ ಮೈದಾನದ ‘ಡಬಲ್ ಟ್ವೆಲ್ವ್’ ಪಂದ್ಯಕ್ಕೆ ಮಿಡ್ಜೆಟ್ಟುಗಳನ್ನು ಸಿದ್ಧಪಡಿಸುವಾಗ ಅವನ ಸಹೋದ್ಯೋಗಿಯಾದ ಎಚ್. ಎನ್. ಚಾರ್ಲ್ಸ್ ಎಂಬ ಎಂಜಿನಿಯರು ಕ್ಯಾಮ್ ದಂಡದ ಉಬ್ಬುಗಳನ್ನು ಮಾತ್ರ ತಿದ್ದಿ, ಕವಾಟಗಳು ತೆರೆದು ಮುಚ್ಚುವ ವೇಳೆಯನ್ನು ಬದಲಿಸಿದನು. ಎಂಜಿನ್ನಿನ ಗಾತ್ರ ಒಂದು ಕೂದಲಿನಷ್ಟೂ ಹೆಚ್ಚಲಿಲ್ಲ. ಶಕ್ತಿ ಮಾತ್ರ 20ರಿಂದ 27 ಅಶ್ವಶಕ್ತಿಗೆ ಏರಿತು. ಎಂಜಿನ್ನೆಂದರೆ ಉಸಿರಾಡುವ ಯಂತ್ರ. ಎಷ್ಟು ಸರಾಗವಾಗಿ ಉಸಿರಾಡುವುದೋ ಅಷ್ಟು ದುಡಿಯುವುದು. ಆ ಪಂದ್ಯದಲ್ಲಿ ತಂಡದ ಬಹುಮಾನ ಮಿಡ್ಜೆಟ್ಟುಗಳಿಗೆ ಸಂದಿತು. ಪಂದ್ಯದ ತಿದ್ದುಪಡಿ ಮಾರಾಟದ ಕಾರುಗಳಿಗೂ ಬೇಗನೆ ಇಳಿದು ಬಂದಿತು. ಗುಮಾಸ್ತನ ಕಾರಿಗೂ ಪಂದ್ಯಗಾರನ ಕಾರಿಗೂ ನಡುವಣ ಗೋಡೆ ಇಷ್ಟು ತೆಳುವಾದದ್ದು ಅದಕ್ಕೆ ಮುನ್ನ ಅಪರೂಪ.

1931ನೆಯ ಇಸವಿ ಎಂ.ಜಿ. ಸಂಸ್ಥೆಗೆ ಸುಗ್ಗಿಯ ವರ್ಷ. ಫೆಬ್ರವರಿ ತಿಂಗಳಲ್ಲಿ ಜಾರ್ಜ್ ಐಸ್ಟನ್ ಎಂಬ ಸಾಹಸಿ ಫ್ರಾನ್ಸಿನ ಮೋಂತ್ಲೆರಿ ಪಥದಲ್ಲಿ ಗಂಟೆಗೆ ನೂರು ಮೈಲಿಗಳ ಮೇರೆಯನ್ನು ದಾಟಿದನು. ಮುಕ್ಕಾಲು ಲೀಟರಿಗೂ ಕಡಮೆ ಗಾತ್ರದ ಎಂಜಿನ್ನಿನಿಂದ ಆ ವೇಗವನ್ನು ಮುಟ್ಟಿದವರು ಅದುವರೆಗೆ ಯಾರೂ ಇರಲಿಲ್ಲ. ಸೂಪರ್‌ಚಾರ್ಜರ್ ಎಂಬ ಪಂಪು ಹೆಚ್ಚಿನ ಗಾಳಿಯನ್ನು ಎಂಜಿನ್ನಿನೊಳಕ್ಕೆ ಒತ್ತಿ ತುಂಬುತ್ತಿತ್ತು. ಅದೇ ವರ್ಷದ ಶರತ್ಕಾಲದಲ್ಲಿ ಐಸ್ಟನ್ ಅದೇ ಕಾರಿನಲ್ಲಿ ಒಂದು ಗಂಟೆಯ ಕಾಲಾವಧಿಯಲ್ಲಿ ನೂರು ಮೈಲಿಗೂ ಹೆಚ್ಚು ದೂರ ಓಡಿದನು. ಗುರಿ ಮುಟ್ಟಿದ ಮೇಲೆ ಎಂಜಿನ್ನಿಗೆ ಬೆಂಕಿ ಹತ್ತಿ, ಓಡುತ್ತಿದ್ದ ಕಾರಿನಿಂದ ಹಾರಿ ಜೀವ ಉಳಿಸಿಕೊಂಡನು. ಆ ವರ್ಷದ ‘ಡಬಲ್ ಟ್ವೆಲ್ವ್’ ಪಂದ್ಯದಲ್ಲಿ ಮೊದಲ ಐದು ಸ್ಥಾನಗಳೂ ಎಂ.ಜಿ. ಕಾರುಗಳಿಗೇ ದೊರೆತವು. ಚಿಕ್ಕ ಕಾರುಗಳಿಗೆ ಅಲ್ಲಿ ರಿಯಾಯಿತಿ ಇದ್ದುದು ನಿಜ. ಆದರೆ ಎರಡು ದಿನಗಳಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಕಾಲ ಮುರಿಯದೆ ಓಡುವುದಕ್ಕೆ ಯಾವ ರಿಯಾಯಿತಿಯೂ ಇರಲಿಲ್ಲ.

ಈ ಯಶಸ್ಸಿನ ನಡುವೆಯೇ ಒಂದು ತಪ್ಪು ನಡೆಯಿತು. 1932ರಲ್ಲಿ ಜೆ-2 ಎಂಬ ಹೊಸ ಮಿಡ್ಜೆಟ್ ಮಾರುಕಟ್ಟೆಗೆ ಬಂದಿತು. ಬೆಲೆ ಇನ್ನೂರು ಪೌಂಡಿಗೆ ಹತ್ತು ಷಿಲಿಂಗ್ ಕಡಮೆ. ಅದು ಸೊಗಸಾದ ಕಾರು. ಗಾಳಿ ಎಂಜಿನ್ನಿನ ಒಂದು ಪಕ್ಕದಿಂದ ಒಳಬಂದು, ಹೊಗೆ ಇನ್ನೊಂದು ಪಕ್ಕದಿಂದ ಹೊರಹೋಗುವಂತೆ ಅದರ ನೆತ್ತಿಯನ್ನು ಹೊಸದಾಗಿ ರೂಪಿಸಿದ್ದರು. ಎರಡು ಕಾರ್ಬ್ಯುರೇಟರುಗಳನ್ನು ಕೂರಿಸಿದ್ದರು. ಅದೇ 847 ಘನ ಸೆಂಟಿಮೀಟರಿನ ಎಂಜಿನ್ ಈಗ ನಿಮಿಷಕ್ಕೆ 5,500 ಸುತ್ತು ಸುತ್ತಿ 36 ಅಶ್ವಶಕ್ತಿಯನ್ನು ಕೊಡುತ್ತಿತ್ತು. ಗಿಯರುಗಳೂ ನಾಲ್ಕಾಗಿದ್ದವು, ಹಳೆಯ ಕಂದಕ ಮುಚ್ಚಿಹೋಗಿತ್ತು. ಆದರೆ ಎಂಜಿನ್ನಿನ ಬೆನ್ನೆಲುಬಾದ ಕ್ರ್ಯಾಂಕ್ ದಂಡ ಮಾತ್ರ ಇನ್ನೂ ಹಳೆಯ ಬಗೆಯದೇ ಆಗಿತ್ತು. ಅದಕ್ಕೆ ಎರಡು ತುದಿಗಳಲ್ಲಿ ಎರಡೇ ಆಧಾರಗಳು. ನಡುವೆ ಹಿಡಿದು ನಿಲ್ಲಿಸುವುದಕ್ಕೆ ಏನೂ ಇರಲಿಲ್ಲ. ಮಿತಿಮೀರಿದ ವೇಗದಲ್ಲಿ ತಿರುಗಿದಾಗ ಆ ದಂಡ ನಡುವೆ ಬಾಗಿ ತುಯ್ಯುತ್ತಿತ್ತು.

ಪರೀಕ್ಷೆಗೆಂದು ‘ದಿ ಆಟೋಕಾರ್’ ಪತ್ರಿಕೆಗೆ ಒಪ್ಪಿಸಿದ ಕಾರು ಗಂಟೆಗೆ 82 ಮೈಲಿ ಓಡಿತು. ಪತ್ರಿಕೆಯಲ್ಲಿ ಆ ಅಂಕಿ ಅಚ್ಚಾಯಿತು. ಆದರೆ ಅದು ವಿಶೇಷವಾಗಿ ಸಿದ್ಧಪಡಿಸಿದ ಕಾರು. ಅಂಗಡಿಯಲ್ಲಿ ಕೊಂಡ ಕಾರುಗಳು ಆ ವೇಗವನ್ನು ಮುಟ್ಟುವಂತಿರಲಿಲ್ಲ. ತಿಂಗಳ ಸಂಬಳದಲ್ಲಿ ಉಳಿಸಿ ಕಾರು ಕೊಂಡ ತರುಣರು ತಮ್ಮದೂ 82 ಮೈಲಿ ಓಡಲೇಬೇಕೆಂದು ವೇಗದ ಪೆಡಲನ್ನು ತಳಕ್ಕೆ ಒತ್ತಿದರು. ಕ್ರ್ಯಾಂಕ್ ದಂಡಗಳು ಮುರಿದವು. ಸಂಸ್ಥೆಯ ಮುಖ್ಯಸ್ಥನಾದ ಕಿಂಬರನನ್ನು ಈ ಹೊಣೆಯಿಂದ ಪಾರುಮಾಡಲು ಸಾಧ್ಯವಿಲ್ಲ. ಮಾರಾಟದ ಚತುರನೂ ಯಂತ್ರಪ್ರೇಮಿಯೂ ಅವನಲ್ಲಿ ಒಟ್ಟಿಗೆ ವಾಸವಾಗಿದ್ದರು. ಈ ಸಂದರ್ಭದಲ್ಲಿ ಮೊದಲನೆಯವನು ಎರಡನೆಯವನನ್ನು ಗೆದ್ದನೆಂದೇ ಹೇಳಬೇಕು. ತಪ್ಪು ತಿದ್ದಲ್ಪಟ್ಟದ್ದು 1934ರಲ್ಲಿ. ಆ ವರ್ಷದ ಪಿ ಮಾದರಿಯ ಮಿಡ್ಜೆಟ್ಟಿನಲ್ಲಿ ಕ್ರ್ಯಾಂಕ್ ದಂಡದ ನಡುವೆ ಮೂರನೆಯ ಆಧಾರವನ್ನಿರಿಸಿದರು. ಕಾರಿನ ತೂಕ ತುಸು ಹೆಚ್ಚಿತು. ದಂಡ ಮುರಿಯುವ ಭಯ ದೂರವಾಯಿತು.

ಇಷ್ಟರಲ್ಲಿ ಆರು ಸಿಲಿಂಡರುಗಳ ಕೆ-3 ಎಂಬ ಪಂದ್ಯದ ಕಾರು ಎಂ.ಜಿ.ಯ ಕೀರ್ತಿಯನ್ನು ಯೂರೋಪಿನಲ್ಲೆಲ್ಲ ಹರಡಿತ್ತು. ಅದರ ಗಿಯರ್ ಪೆಟ್ಟಿಗೆ ಹೊಸ ಬಗೆಯದು. ಚಾಲಕ ಮುಂದೆ ಬೇಕಾಗುವ ಗಿಯರನ್ನು ಮೊದಲೇ ಆರಿಸಿಟ್ಟುಕೊಂಡು, ತಿರುವು ಬಂದಾಗ ಪೆಡಲೊಂದನ್ನು ತುಳಿದರೆ ಸಾಕು, ಬದಲಾವಣೆ ತಾನಾಗಿ ಆಗುತ್ತಿತ್ತು. ಎರಡು ಕೈಗಳೂ ಚುಕ್ಕಾಣಿಯ ಮೇಲೆಯೇ ಇರಬಹುದಾಗಿತ್ತು. 1933ರಲ್ಲಿ ಇಟಲಿಯ ಮಿಲ್ಲೆ ಮಿಲ್ಯಾ ಪಂದ್ಯದಲ್ಲಿ ಅದು ತನ್ನ ವರ್ಗದಲ್ಲಿ ಮೊದಲನೆಯದಾಯಿತು. ಅದೇ ವರ್ಷ ಇಟಲಿಯ ಮಹಾಚಾಲಕ ತಾತ್ಸಿಯೋ ನುವೊಲಾರಿ ಅದರಲ್ಲಿ ಕುಳಿತು ಉತ್ತರ ಐರ್ಲೆಂಡಿನ ಟೂರಿಸ್ಟ್ ಟ್ರೋಫಿಯನ್ನು ಗೆದ್ದನು.

ಏಳಿಗೆ ಹೆಚ್ಚು ಕಾಲ ಉಳಿಯಲಿಲ್ಲ. 1935ರಲ್ಲಿ ಮಾರಿಸ್, ಅಷ್ಟು ಹೊತ್ತಿಗೆ ಲಾರ್ಡ್ ನಫೀಲ್ಡ್ ಆಗಿದ್ದವನು, ತನ್ನ ಸ್ವಂತದ್ದಾಗಿದ್ದ ಎಂ.ಜಿ. ಸಂಸ್ಥೆಯನ್ನು ಮಾರಿಸ್ ಮೋಟಾರ್ಸ್ ಕಂಪನಿಗೆ ಮಾರಿದನು. ಹೊಸ ಆಡಳಿತ ಪಂದ್ಯಗಳನ್ನು ಒಮ್ಮೆಗೇ ನಿಲ್ಲಿಸಿತು. ಅಬಿಂಗ್ಡನ್ನಿನ ವಿನ್ಯಾಸ ಕಚೇರಿ ಮುಚ್ಚಿತು. ಕಾರುಗಳ ರೂಪರೇಖೆ ಇನ್ನು ಮುಂದೆ ಕೌಲಿಯ ಕಾರ್ಖಾನೆಯಲ್ಲಿ ನಿರ್ಧಾರವಾಗತಕ್ಕದ್ದೆಂದು ಆಜ್ಞೆಯಾಯಿತು. ಲೆಕ್ಕಪತ್ರವನ್ನು ನೋಡುವವರ ದೃಷ್ಟಿಯಲ್ಲಿ ಇದು ತಪ್ಪೇನಲ್ಲ. ಪಂದ್ಯದ ಕಾರುಗಳಿಂದ ಸಂಸ್ಥೆಗೆ ಲಾಭವಿರಲಿಲ್ಲ. ಆದರೆ ಕಿಂಬರನ ಪಾಲಿಗೆ ಇದು ಬಲಗೈಯನ್ನು ಕಡಿದಂತಾಯಿತು.

ಮರುವರ್ಷ ಹೊರಬಂದ ಟಿ.ಎ. ಮಿಡ್ಜೆಟ್ಟಿನಲ್ಲಿ ನೆತ್ತಿಯ ಮೇಲಿನ ಕ್ಯಾಮ್ ದಂಡ ಮಾಯವಾಗಿತ್ತು. ಕುಟುಂಬದ ಕಾರಿನಿಂದ ಎತ್ತಿಕೊಂಡ 1,292 ಘನ ಸೆಂಟಿಮೀಟರಿನ ಎಂಜಿನ್ ಅದರಲ್ಲಿತ್ತು. ಪಿಸ್ಟನ್ನಿನ ಚಲನೆ 102 ಮಿಲಿಮೀಟರ್. 50 ಅಶ್ವಶಕ್ತಿ ದೊರೆಯುತ್ತಿದ್ದುದು 4,500 ಸುತ್ತುಗಳಲ್ಲಿಯೇ. ಅದಕ್ಕೆ ಮೀರಿ ತಿರುಗಲು ಎಂಜಿನ್ ಒಲ್ಲದು. ಹಳೆಯ ಅಭಿಮಾನಿಗಳು ಮುಖ ಸಿಂಡರಿಸಿದರು. ಆದರೆ ಕಾರನ್ನು ಕೊಂಡು ಓಡಿಸಿದವರಿಗೆ ಬೇರೆಯೇ ಅನುಭವವಾಯಿತು. ಗಾತ್ರ ಹೆಚ್ಚಿದ್ದರಿಂದ ಎಂಜಿನ್ನಿನ ಬಲವೂ ಹೆಚ್ಚಿತ್ತು. ಪದೇ ಪದೇ ಗಿಯರ್ ಬದಲಾಯಿಸದೆಯೇ ಕಾರು ಗುಡ್ಡವನ್ನೇರುತ್ತಿತ್ತು. 1939ರ ಟಿ.ಬಿ. ಮಾದರಿಯಲ್ಲಿ ಈ ಎರಡು ಗುಣಗಳೂ ಕೂಡಿಬಂದವು. ಅದರ ಎಂಜಿನ್ 1,250 ಘನ ಸೆಂಟಿಮೀಟರಿನದು. ಸಿಲಿಂಡರ್ ಅಗಲವಾಗಿ, ಪಿಸ್ಟನ್ನಿನ ಚಲನೆ 90 ಮಿಲಿಮೀಟರಿಗೆ ಇಳಿದಿತ್ತು. ಚಲನೆ ತಗ್ಗಿದ್ದರಿಂದ ಅದು ನಿಮಿಷಕ್ಕೆ 5,200 ಸುತ್ತು ಸುತ್ತಿ 54 ಅಶ್ವಶಕ್ತಿಯನ್ನು ಕೊಟ್ಟಿತು. ಹೀಗೆ ಹೆಚ್ಚು ಸುತ್ತುವ ಎಂಜಿನ್ನಿಗೆ ತಕ್ಕಂತೆ ಹಿಂದಿನ ಅಚ್ಚಿನ ಹಲ್ಲುಗಾಲಿಗಳನ್ನೂ ಬದಲಿಸಿದರು. ಟಿ.ಎ.ಯಲ್ಲಿ ಎಂಜಿನ್ನಿನ ಕಡೆಯಿಂದ ಬರುವ ದಂಡ 4.875 ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು ತಿರುಗುತ್ತಿತ್ತು, ಟಿ.ಬಿ.ಯಲ್ಲಿ 5.125 ಸುತ್ತು ಬೇಕಾಯಿತು. ನೋಡುವುದಕ್ಕೆ ಅಲ್ಪ ವ್ಯತ್ಯಾಸ. ಆದರೆ ಅಷ್ಟರಿಂದಲೇ ಪ್ರತಿಯೊಂದು ಗಿಯರಿನಲ್ಲಿಯೂ ಕಾರು ಮುನ್ನುಗ್ಗುವ ಹುರುಪು ಹೆಚ್ಚಿತು. ಕೊನೆಯ ಗಿಯರಿನಲ್ಲಿ ಎಂಜಿನ್ನಿನ ಸಾವಿರ ಸುತ್ತಿಗೆ ಕಾರಿನ ವೇಗ ಗಂಟೆಗೆ ಸುಮಾರು ಹದಿನಾರು ಮೈಲಿ. ಅಂಥ ಕಾರುಗಳು ನಾನೂರೂ ತಯಾರಾಗಿರಲಿಲ್ಲ, ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು.

ಕಾರುಗಳ ತಯಾರಿಕೆ ನಿಂತಿತು. ನೂರಾರು ಕುಶಲ ಕೆಲಸಗಾರರನ್ನು ಸುಮ್ಮನೆ ಕೂರಿಸಲಾರದೆ ಕಿಂಬರ್ ತಾನೇ ಓಡಾಡಿ ಆಲ್ಬೆಮಾರ್ಲ್ ಎಂಬ ಯುದ್ಧವಿಮಾನದ ಭಾಗಗಳನ್ನು ತಯಾರಿಸುವ ಕಂತ್ರಾಟನ್ನು ತಂದನು. ಆದರೆ ಅದಕ್ಕೆ ಮೇಲಿನವರ ಪೂರ್ವಾನುಮತಿಯನ್ನು ಪಡೆದಿರಲಿಲ್ಲ. ಅಷ್ಟೇ ನೆಪವಾಯಿತು. 1941ರಲ್ಲಿ ಅವನಿಂದ ರಾಜೀನಾಮೆಯನ್ನು ಕೇಳಿ ಪಡೆದರು. ಇಪ್ಪತ್ತು ವರ್ಷ ಸಾಕಿ ಬೆಳೆಸಿದ ಸಂಸ್ಥೆಯಿಂದ ಐವತ್ತಮೂರರ ವಯಸ್ಸಿನಲ್ಲಿ ಅವನು ಬರಿಗೈಯಲ್ಲಿ ಹೊರನಡೆದನು. ಮೊದಲು ಕಾರಿನ ಒಡಲುಗಳನ್ನು ಕಟ್ಟುವ ಒಂದು ಸಂಸ್ಥೆಯಲ್ಲಿಯೂ ಆಮೇಲೆ ಪಿಸ್ಟನ್ ತಯಾರಿಸುವ ಸ್ಪೆಷಲಾಯ್ಡ್ ಸಂಸ್ಥೆಯಲ್ಲಿಯೂ ಕೆಲಸಕ್ಕೆ ನಿಂತನು.

1945ರ ಫೆಬ್ರವರಿ 4, ಭಾನುವಾರ. ಅಂದು ಸಂಜೆ ಆರು ಗಂಟೆಗೆ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಲೀಡ್ಸ್ ನಗರಕ್ಕೆ ಹೊರಟ ರೈಲಿನ ಕೊನೆಯ ಗಾಡಿಯಲ್ಲಿ ಕಿಂಬರ್ ಕುಳಿತಿದ್ದನು. ಹದಿನೇಳು ಗಾಡಿಗಳ ಭಾರವಾದ ರೈಲು. ನಿಲ್ದಾಣವನ್ನು ಬಿಟ್ಟೊಡನೆ ಸುರಂಗ, ಸುರಂಗದೊಳಗೆ ಏರು. ಉಗಿಯಂತ್ರಕ್ಕೆ ಶಕ್ತಿಯೇನೂ ಕಡಮೆಯಿರಲಿಲ್ಲ, ಆದರೆ ಅದರ ಗಾಲಿಗಳಿಗೆ ಹಳಿಯ ಮೇಲೆ ಹಿಡಿತ ಸಿಗಲಿಲ್ಲ. ಗಾಲಿಗಳು ನಿಂತಲ್ಲಿಯೇ ಸುತ್ತತೊಡಗಿದವು. ಕತ್ತಲೆಯಲ್ಲಿ ಚಾಲಕನಿಗೆ ತಿಳಿಯದಂತೆ ರೈಲು ಹಿಂದಕ್ಕೆ ಜಾರಿತು. ಹಿಂದಿನ ಗಾಡಿ ಹಳಿ ತಪ್ಪಿ ಸಿಗ್ನಲ್ ಕಂಬದ ಕಟ್ಟಿಗೆ ಅಪ್ಪಳಿಸಿತು. ಸತ್ತವರು ಇಬ್ಬರೇ, ಅವರಲ್ಲಿ ಕಿಂಬರ್ ಒಬ್ಬನು. ಆಗ ಅವನಿಗೆ ಐವತ್ತಾರು ವರ್ಷ.

ಅದೇ ವರ್ಷ ಯುದ್ಧ ಮುಗಿಯಿತು. ಅಬಿಂಗ್ಡನ್ನಿನ ಕಾರ್ಖಾನೆ ಹೊಸ ಕಾರನ್ನು ಚಿತ್ರಿಸುವಷ್ಟು ಕಾಲವಿಲ್ಲದೆ ಟಿ.ಬಿ. ಮಾದರಿಯನ್ನೇ ತುಸು ಅಗಲಗೊಳಿಸಿ ಟಿ.ಸಿ. ಎಂಬ ಹೆಸರಿನಿಂದ ಹೊರತಂದಿತು. ಎಂಜಿನ್ ಅದೇ 1,250 ಘನ ಸೆಂಟಿಮೀಟರಿನದು. ಹಿಂದಿನ ಅಚ್ಚಿನ ಹಲ್ಲುಗಾಲಿಗಳ ಅನುಪಾತವೂ ಅದೇ. 1949ರ ವೇಳೆಗೆ ಅಂಥ ಹತ್ತು ಸಾವಿರ ಕಾರುಗಳು ತಯಾರಾದವು. ಅವುಗಳಲ್ಲಿ ಬಹಳಷ್ಟು ಸಮುದ್ರವನ್ನು ದಾಟಿ ಪರದೇಶಗಳಿಗೆ ಹೋದವು. ಇಂಗ್ಲೆಂಡಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರು ತಮ್ಮ ಊರುಗಳಿಗೆ ಮರಳುವಾಗ ಈ ಪುಟ್ಟ ಕಾರಿನ ಮೋಹವನ್ನೂ ಜೊತೆಗೆ ಕೊಂಡೊಯ್ದರು.